ಅಣ್ಣಯ್ಯನ ಸ್ಕೋರ್ ಪುಸ್ತಕ

2012ರ ಲಂಡನ್ ಅಂದರೆ ಹೆಚ್ಚಿನವರಿಗೆ ಉಸೇನ್ ಬೋಲ್ಟ್ ನೆನಪಾಗುತ್ತಾರೆ. ನಮ್ಮವರಿಗೆ ಸೈನಾ ನೆಹ್ವಾಲ್, ಮೇರಿ ಕೋಮ್. ನನ್ನ ಲಂಡನ್ ಶುರುವಾದದ್ದು ಆ ಒಲಿಂಪಿಕ್ಸ್ ಮುಗಿದ ಮೇಲೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 9ರವರೆಗೆ ಅದೇ ಮೈದಾನಗಳಲ್ಲಿ ನಡೆದ ಪ್ಯಾರಾಲಿಂಪಿಕ್ಸ್ ನೋಡಲೆಂದು ಅರಸೀಕೆರೆಯಿಂದ ನನ್ನ ಅಣ್ಣಯ್ಯ ಬಂದಿದ್ದ. ನಾನು ಕರೆದದ್ದು ಒಲಿಂಪಿಕ್ಸ್‌ಗೆ. ‘ಅದು ಟೀವೀಲಿ ಬರುತ್ತೆ ಕಣೇ. ಇದು ಬರಲ್ಲ. ಬಂದರೆ ಇದಕ್ಕೇ ಬರೋದು’ ಅಂದ.

ಅಣ್ಣಯ್ಯನಿಗೆ ಎಳವೆಯಲ್ಲೇ ಪೋಲಿಯೊ ಆಗಿತ್ತು. ಜ್ವರ ಬಂದು ಇಳಿದ ಮೇಲೆ ಎಡಗಾಲಿನಲ್ಲಿ ತ್ರಾಣವೇ ಉಳಿಯಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ತೊಡೆಯಿಂದ ಹಿಮ್ಮಡಿವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್, ಅದಕ್ಕೆ ಹೊಂದಿಸಿದ ದಪ್ಪ ಬೂಟು. ಅವನು ನಡೆದು ಬರುವ ಸದ್ದು ಕೇಳಿಯೇ ನಾವು ಬಚ್ಚಿಟ್ಟ ಚೌಕಾಬಾರದ ಕವಡೆ ಹೊರಗೆ ತೆಗೆಯುತ್ತಿದ್ದೆವು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಅವನ ಕೈಗೆ ಒಂದು ಸ್ಕೋರ್ ಪುಸ್ತಕ ಕೊಟ್ಟು ಮೈದಾನದ ಅಂಚಿನ ಹುಣಸೆಮರದ ಕೆಳಗೆ ಕೂರಿಸಿದರು. ಹೈಸ್ಕೂಲು ಮುಗಿಯುವವರೆಗೆ ಅವನ ಜಾಗ ಅದೇ. ಯಾರೂ ಅವನನ್ನು ಬೈಯಲಿಲ್ಲ, ಅಣಕಿಸಲಿಲ್ಲ. ಆದರೆ ಇವನಿಗೂ ಒಂದು ಆಟ ಇರಬಹುದು ಎಂದು ಅಷ್ಟು ವರ್ಷಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನು ಕಬಡ್ಡಿಯ ರೈಡು, ಖೋಖೋದ ಮಿನಿಟು, ಕ್ರಿಕೆಟ್ಟಿನ ಲೆಗ್‌ಬೈ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದ. ಆಮೇಲೆ ಗಣಿತದ ಮೇಷ್ಟ್ರಾದ. ತಾಲ್ಲೂಕಿನಲ್ಲಿ ಯಾವ ಟೂರ್ನಮೆಂಟು ನಡೆದರೂ ಸ್ಕೋರಿಗೆ ಅವನೇ ಬೇಕು. ಲಂಡನ್ನಿಗೂ ಉದ್ದನೆಯ ರಟ್ಟಿನ ನೋಟ್‌ಬುಕ್ ಹಿಡಿದುಕೊಂಡೇ ಬಂದ.

ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಮರುವರ್ಷ ಫೆಬ್ರುವರಿಯಲ್ಲಿ ಪೋಲಿಯೊ ಹರಡುತ್ತಿರುವ ದೇಶಗಳ ಪಟ್ಟಿಯಿಂದ ನಮ್ಮ ಹೆಸರು ಹೋಯಿತು. ಅಣ್ಣಯ್ಯ ಆ ಸುದ್ದಿಯ ಪೇಪರ್ ತುಣುಕನ್ನು ಅದೇ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದ. ‘ಇನ್ಮೇಲೆ ನನ್ನಂಥೋರು ಹುಟ್ಟಲ್ಲ’ ಎಂದು ನಿಜವಾದ ಖುಷಿಯಿಂದ ಹೇಳಿದ.

ಆಗ ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮಂಗಳೂರಿನಲ್ಲಿ ಓದುವಾಗ ಲುಡ್ವಿಗ್ ಗುಟ್ಮನ್ ಎಂಬ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅಷ್ಟು ಸಾಲದು ಎಂದು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದ ಯೆಹೂದಿ ನರವೈದ್ಯ ಅವರು. 1944ರಲ್ಲಿ ಲಂಡನ್ನಿನ ವಾಯವ್ಯಕ್ಕಿರುವ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರ ವಾರ್ಡು ತೆರೆದರು. ಅಲ್ಲಿಯವರೆಗೆ ಅಂಥ ರೋಗಿಗಳನ್ನು ಅಲುಗಾಡಿಸದೆ ಮಲಗಿಸಿ, ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಸಾಯುವುದನ್ನು ಕಾಯುವುದೇ ರೂಢಿಯಾಗಿತ್ತು. ಗುಟ್ಮನ್ ಹಗಲೂ ರಾತ್ರಿ ಎರಡೆರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸುವಂತೆ ಮಾಡಿದರು. ಹುಣ್ಣು ಮಾಯಿತು, ಜನ ಬದುಕಿದರು. ಬದುಕಿದವರಿಗೆ ಎದ್ದು ಕೂರಲು ಒಂದು ಕಾರಣ ಬೇಕಲ್ಲ? ಕೈಗೆ ಚೆಂಡು ಕೊಟ್ಟರು, ಬಿಲ್ಲು ಕೊಟ್ಟರು. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಆ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಹದಿನಾರು ಜನ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. 1960ರಲ್ಲಿ ರೋಮ್‌ನಲ್ಲಿ ಅದು 23 ದೇಶಗಳ ಕೂಟವಾಯಿತು. 2012ರಲ್ಲಿ ತಾನು ಹುಟ್ಟಿದ ನಾಡಿಗೆ ಮರಳಿದಾಗ 164 ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳು, 503 ಚಿನ್ನದ ಪದಕಗಳು.

ಟಿಕೆಟ್ ಸಿಗುವುದು ಸುಲಭ ಎಂದು ಸಹೋದ್ಯೋಗಿಗಳು ಹೇಳಿದ್ದರು. ಹಾಗೇನೂ ಆಗಲಿಲ್ಲ. ಒಟ್ಟು 27 ಲಕ್ಷ ಟಿಕೆಟ್ ಮಾರಾಟವಾದವು. ಒಲಿಂಪಿಕ್ಸ್ ಟಿಕೆಟ್ಟಿಗೆ ದುಡ್ಡು ಸಾಲದವರು, ಸಾಲಿನಲ್ಲಿ ನಿಂತೂ ಸಿಗದವರು ಮಕ್ಕಳುಮರಿ ಕಟ್ಟಿಕೊಂಡು ಇದಕ್ಕೆ ಬಂದರು. ಮೊದಲ ದಿನ ಅವರು ಯಾಕಾದರೂ ಬಂದಿರಲಿ, ಮೂರನೆಯ ದಿನದ ಹೊತ್ತಿಗೆ ಆಟಕ್ಕಾಗಿಯೇ ಬರುತ್ತಿದ್ದರು. ಟ್ಯೂಬ್ ರೈಲಿನಲ್ಲಿ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಡೇವಿಡ್ ವಿಯರ್ ಕೊನೆಯ ಸುತ್ತಿನವರೆಗೆ ಯಾಕೆ ಹಿಂದೆಯೇ ಉಳಿಯುತ್ತಾರೆ, ಮುಂದಿನ ಗಾಲಿಕುರ್ಚಿಯ ಮರೆಯಲ್ಲಿ ಗಾಳಿಯ ಹೊಡೆತ ಎಷ್ಟು ತಪ್ಪುತ್ತದೆ ಎಂದೆಲ್ಲ ಚರ್ಚೆ. ಕರುಣೆಯಿಂದ ಬಂದವರು ಹೀಗೆ ಮಾತಾಡುವುದಿಲ್ಲ.

ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಒಲಿಂಪಿಕ್ ಪಾರ್ಕು. ಒಳಗೆ ನಡೆಯಲಾಗದವರಿಗೆ ಗಾಲಿಕುರ್ಚಿ, ಬ್ಯಾಟರಿ ಸ್ಕೂಟರುಗಳನ್ನು ಬಾಡಿಗೆಯಿಲ್ಲದೆ ಕೊಡುತ್ತಿದ್ದರು. ಅಣ್ಣಯ್ಯ ಬೇಡವೆನ್ನುತ್ತಾನೇನೋ ಎಂದುಕೊಂಡಿದ್ದೆ. ಅವನು ನೇರವಾಗಿ ಕೌಂಟರಿಗೆ ಹೋಗಿ, ಸಹಿ ಹಾಕಿ, ಕೆಂಪು ಸ್ಕೂಟರೊಂದರ ಮೇಲೆ ಕೂತು, ನನ್ನನ್ನು ಹಿಂದೆ ಬಿಟ್ಟು ಹೋಗಿಯೇಬಿಟ್ಟ. ಎಲ್ಲೆಡೆ ಇಳಿಜಾರು, ಎಲ್ಲೆಡೆ ಲಿಫ್ಟು. ನೋಡಲು ಬಂದವರಲ್ಲೂ ಗಾಲಿಕುರ್ಚಿಯವರು, ಬಿಳಿ ಕೋಲಿನವರು, ಕೈಸನ್ನೆಯಲ್ಲಿ ಮಾತಾಡುವವರು ಎಷ್ಟೊಂದು ಜನ! ನಮ್ಮ ಊರಿನಲ್ಲಿ ಅಂಥವರು ಕಡಿಮೆಯೆಂದಲ್ಲ. ಬಸ್ಸಿನ ಮೆಟ್ಟಿಲು ಅವರನ್ನು ಮನೆಯಲ್ಲೇ ಇಡುತ್ತದೆ. ‘ಇಷ್ಟು ವರ್ಷದಲ್ಲಿ ಒಂದು ಜಾತ್ರೇಲಿ ನಾನು ಎಲ್ಲರಿಗಿಂತ ಮುಂದೆ ಹೋಗಿದ್ದು ಇದೇ ಮೊದಲು’ ಎಂದು ಅಣ್ಣಯ್ಯ ತಿರುಗಿ ಕೂಗಿದ.

ನಾವು ಮೊದಲು ನೋಡಿದ ಆಟ ಗೋಲ್‌ಬಾಲ್, ಕಾಪರ್ ಬಾಕ್ಸ್ ಒಳಾಂಗಣದಲ್ಲಿ. ಕಣ್ಣು ಕಾಣದವರ ಆಟ ಇದು. ಅಲ್ಪಸ್ವಲ್ಪ ಕಾಣುವವರಿಗೂ ಕಾಣದವರಿಗೂ ವ್ಯತ್ಯಾಸ ಉಳಿಯದಿರಲೆಂದು ಎಲ್ಲರಿಗೂ ಕಪ್ಪು ಕಣ್ಣುಪಟ್ಟಿ. ಪಕ್ಷಕ್ಕೆ ಮೂರು ಮೂರು ಜನ. ಹದಿನೆಂಟು ಮೀಟರ್ ಉದ್ದದ ಅಂಕಣದ ಎರಡೂ ತುದಿಯಲ್ಲಿ ಅಂಕಣದಷ್ಟೇ ಅಗಲದ ಗೋಲು. ಒಂದೂಕಾಲು ಕಿಲೋ ತೂಕದ ಚೆಂಡಿನೊಳಗೆ ಗೆಜ್ಜೆ. ಅದನ್ನು ಈ ಕಡೆಯವರು ನೆಲದ ಮೇಲೆ ರಭಸದಿಂದ ಉರುಳಿಸಿದರೆ ಆ ಕಡೆಯವರು ಸದ್ದಿನ ಜಾಡು ಹಿಡಿದು ಮೈಯನ್ನು ಉದ್ದಕ್ಕೆ ಅಡ್ಡ ಚೆಲ್ಲಿ ತಡೆಯಬೇಕು. ಅಂಕಣದ ಗೆರೆಗಳು ಕೂಡ ಕಣ್ಣಿಗಲ್ಲ, ಕೈಗೆ: ಅಂಟುಪಟ್ಟಿಯ ಕೆಳಗೆ ದಾರ ಎಳೆದಿರುತ್ತಾರೆ, ಆಟಗಾರರು ಬೆರಳಿನಿಂದ ಸವರಿ ತಾವೆಲ್ಲಿದ್ದೇವೆಂದು ತಿಳಿಯುತ್ತಾರೆ.

ಚೆಂಡು ಆಟದಲ್ಲಿರುವಾಗ ಪ್ರೇಕ್ಷಕರು ತುಟಿ ಬಿಚ್ಚುವಂತಿಲ್ಲ. ‘ಸದ್ದು ಮಾಡಬೇಡಿ’ ಎಂದು ರೆಫರಿ ಹೇಳಿದ ಕೂಡಲೇ ಸಾವಿರಾರು ಜನ, ಅದರಲ್ಲೂ ಶಾಲೆಯ ಮಕ್ಕಳೇ ಹೆಚ್ಚು, ಗಪ್‌ಚುಪ್. ಗೆಜ್ಜೆಯ ಸದ್ದು, ಮೈ ನೆಲಕ್ಕೆ ಬಡಿಯುವ ಸದ್ದು, ಆಟಗಾರ್ತಿಯರು ಒಬ್ಬರಿಗೊಬ್ಬರು ಗುರುತು ಕೊಡಲು ನೆಲ ತಟ್ಟುವ ಸದ್ದು ಬಿಟ್ಟರೆ ಬೇರೇನಿಲ್ಲ. ಗೋಲಾದೊಡನೆ ಛಾವಣಿ ಹಾರಿಹೋಗುವಂಥ ಕೂಗು. ಮತ್ತೆ ರೆಫರಿಯ ಮಾತು, ಮತ್ತೆ ಮೌನ. ಅಣ್ಣಯ್ಯ ಪೆನ್ನು ಮುಚ್ಚಳದ ಟಿಕ್ ಸದ್ದೂ ಆಗಬಾರದೆಂದು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ. ನೋಡುವವರು ಆಟದ ಭಾಗವಾಗುವುದೆಂದರೇನು ಎಂಬುದು ನನಗೆ ಅವತ್ತು ಮನದಟ್ಟಾಯಿತು. ಇಲ್ಲಿ ನಮ್ಮ ಶಿಸ್ತು ತಪ್ಪಿದರೆ ಅವರ ಆಟ ಕೆಡುತ್ತದೆ. ಹಾಗಾಗಿ ಪ್ರೇಕ್ಷಕನೂ ನಿಯಮ ಕಲಿಯಬೇಕು. ಬೇರೆ ಯಾವ ಮೈದಾನವೂ ನನ್ನಿಂದ ಇಷ್ಟನ್ನು ಕೇಳಿರಲಿಲ್ಲ.

ಎಕ್ಸೆಲ್ ಎಂಬ ದೊಡ್ಡ ಸಭಾಂಗಣಗಳ ಸಮುಚ್ಚಯದಲ್ಲಿ ಒಂದೇ ಟಿಕೆಟ್ಟಿಗೆ ಹಲವು ಆಟ ನೋಡಬಹುದಿತ್ತು. ಕೂತು ಆಡುವ ವಾಲಿಬಾಲ್, ಟೇಬಲ್ ಟೆನಿಸ್, ಜೂಡೊ. ಅಣ್ಣಯ್ಯ ಅವೆಲ್ಲ ಬಿಟ್ಟು ಬೋಚಾ ನಡೆಯುವ ಹಾಲ್‌ನಲ್ಲಿ ಠಿಕಾಣಿ ಹಾಕಿದ. ನಮ್ಮ ಗೋಲಿಯಾಟವನ್ನೇ ಒಳಾಂಗಣಕ್ಕೆ ತಂದು ಚದುರಂಗದಷ್ಟು ಯೋಚನೆ ತುಂಬಿದಂತಿರುವ ಆಟ. ಬಿಳಿಯ ಗುರಿ ಚೆಂಡೊಂದನ್ನು ಮೊದಲು ಎಸೆಯುತ್ತಾರೆ. ಕೆಂಪಿನವರು, ನೀಲಿಯವರು ತಮ್ಮ ಚೆಂಡುಗಳನ್ನು ಅದರ ಹತ್ತಿರಕ್ಕೆ ತರಬೇಕು. ಆಡುವವರು ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿಂದ ಕೈಕಾಲು ಹಿಡಿತದಲ್ಲಿಲ್ಲದವರು. ಕೈಯಿಂದ ಎಸೆಯಲೂ ಆಗದವರಿಗೆ ಬಿಸಿ3 ಎಂಬ ವರ್ಗವಿದೆ. ಅವರು ಇಳಿಜಾರು ಹಲಗೆಯೊಂದರ ಮೇಲಿಂದ ಚೆಂಡು ಬಿಡುತ್ತಾರೆ. ಹಲಗೆಯನ್ನು ಆಚೀಚೆ ತಿರುಗಿಸಲು ಜೊತೆಗೊಬ್ಬ ಸಹಾಯಕ ಇರುತ್ತಾನೆ, ಎಷ್ಟೋ ಸಲ ತಂದೆಯೋ ತಾಯಿಯೋ. ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವಂತಿಲ್ಲ.

ಈ ನಿಯಮ ಕೇಳಿದಾಗ ಅಣ್ಣಯ್ಯ ಬಹಳ ಹೊತ್ತು ಏನೂ ಬರೆಯಲಿಲ್ಲ. ಆ ಹೊತ್ತಿನಲ್ಲಿ ನಮ್ಮೆದುರಿಗೆ ಆಡುತ್ತಿದ್ದ ಹುಡುಗನಿಗೆ ಹದಿನೆಂಟೋ ಇಪ್ಪತ್ತೋ ಇರಬೇಕು. ತಲೆಗೆ ಕಟ್ಟಿದ ಕಡ್ಡಿಯ ತುದಿಯಿಂದ ಚೆಂಡನ್ನು ಹಲಗೆಯ ಮೇಲೆ ಹಿಡಿದಿದ್ದ. ಬೆನ್ನು ತಿರುಗಿಸಿ ಕೂತ ಹೆಂಗಸಿಗೆ ಬಲಕ್ಕೆ, ಇನ್ನೂ ಸ್ವಲ್ಪ, ಸಾಕು ಎಂದು ಕಣ್ಣು ಕತ್ತಿನಿಂದಲೇ ತಿಳಿಸುತ್ತಿದ್ದ. ಆಕೆ ಅವನ ಮುಖ ಮಾತ್ರ ನೋಡುತ್ತ ಹಲಗೆ ಸರಿಸುತ್ತಿದ್ದರು. ಚೆಂಡು ಎಲ್ಲಿಗೆ ಹೋಯಿತೆಂದು ಆಕೆಗೆ ಗೊತ್ತಾಗುತ್ತಿದ್ದುದು ಅವನ ಮುಖ ನೋಡಿ, ನಮ್ಮ ಚಪ್ಪಾಳೆ ಕೇಳಿ. ಕೊನೆಯ ಚೆಂಡನ್ನು ಅವನು ಗುರಿಯ ಕಡೆಗೆ ಬಿಡಲೇ ಇಲ್ಲ. ಎದುರಾಳಿಯ ಚೆಂಡಿನ ಪಕ್ಕಕ್ಕೆ ತಾಗಿಸಿ ಅದನ್ನೇ ಆಚೆಗೆ ದೂಡಿದ. ಅಣ್ಣಯ್ಯ ತೊಡೆ ತಟ್ಟಿಕೊಂಡ.

‘ನೋಡೇ, ಅವನ ಯೋಚನೇಗೆ ಯಾರೂ ಕೈ ಹಾಕಂಗಿಲ್ಲ. ಸಹಾಯ ಮಾಡು, ಆದರೆ ತೀರ್ಮಾನ ಅವನದು. ನಿಮ್ಮ ಆಸ್ಪತ್ರೇಲಿ ಇದನ್ನ ಹೇಳಿಕೊಡ್ತಾರಾ?’

ಹೇಳಿಕೊಡುತ್ತಾರೆ, ಪುಸ್ತಕದಲ್ಲಿದೆ, ಎಂದೆ. ಆದರೆ ರೋಗಿಯ ಜೊತೆ ಬಂದವರನ್ನು ಉದ್ದೇಶಿಸಿ ‘ಇವರಿಗೆ ನೋವು ಎಲ್ಲಿದೆಯಂತೆ?’ ಎಂದು ಕೇಳುವುದನ್ನು ನಾನು ಎರಡೂ ದೇಶದ ವಾರ್ಡುಗಳಲ್ಲಿ ದಿನಾ ನೋಡಿದ್ದೇನೆ. ಆ ಬೆನ್ನು ತಿರುಗಿಸಿ ಕೂತ ಹೆಂಗಸಿನ ಚಿತ್ರ ನನ್ನ ಕೆಲಸಕ್ಕೆ ಬಂದಷ್ಟು ಯಾವ ಪಾಠವೂ ಬಂದಿಲ್ಲ.

ರಾತ್ರಿ ಮನೆಗೆ ಬಂದರೆ ಅಣ್ಣಯ್ಯನ ಓದು. ಯಾರನ್ನು ಯಾರ ಜೊತೆ ಸ್ಪರ್ಧೆಗೆ ಇಳಿಸುತ್ತಾರೆ ಎಂಬ ವರ್ಗೀಕರಣದ ಲೆಕ್ಕ ಅವನಿಗೆ ಹಿಡಿಸಿಬಿಟ್ಟಿತು. ಅಥ್ಲೆಟಿಕ್ಸ್‌ನಲ್ಲಿ ಟಿ ಅಂದರೆ ಓಟ, ಎಫ್ ಅಂದರೆ ಎಸೆತ, ಜಿಗಿತ (ಜಿಗಿತಗಳು ಟಿಗೆ ಸೇರಿದ್ದು ಆಮೇಲಿನ ಮಾತು). 11ರಿಂದ 13 ದೃಷ್ಟಿದೋಷ, 20 ಬೌದ್ಧಿಕ ತೊಂದರೆ, ಮೂವತ್ತರ ಅಂಕಿಗಳು ಸೆರೆಬ್ರಲ್ ಪಾಲ್ಸಿ, 42ರಿಂದ 46 ಕೈಕಾಲು ಕಳೆದುಕೊಂಡವರು ಮತ್ತು ಅದಕ್ಕೆ ಸಮನಾದ ದೌರ್ಬಲ್ಯ ಇರುವವರು, ಐವತ್ತರ ಮೇಲೆ ಗಾಲಿಕುರ್ಚಿ. ಬೌದ್ಧಿಕ ವರ್ಗ ಲಂಡನ್ನಿಗೆ ವಾಪಸು ಬಂದದ್ದು ಒಂದು ದೊಡ್ಡ ಮೋಸ ನಡೆದು ಹನ್ನೆರಡು ವರ್ಷಗಳಾದ ಮೇಲೆ. 2000ದ ಸಿಡ್ನಿಯಲ್ಲಿ ಚಿನ್ನ ಗೆದ್ದ ಸ್ಪೇನಿನ ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡು ಆಟಗಾರರಲ್ಲಿ ಹತ್ತು ಜನರಿಗೆ ಯಾವ ತೊಂದರೆಯೂ ಇರಲಿಲ್ಲವೆಂದು ಗೊತ್ತಾಗಿತ್ತು; ಶಿಕ್ಷೆ ಬಿದ್ದದ್ದು ಇಡೀ ವರ್ಗದ ನಿಜವಾದ ಕ್ರೀಡಾಪಟುಗಳಿಗೆ. ಆ ಕತೆ ಕೇಳಿ ಅಣ್ಣಯ್ಯ ಕುದಿದುಹೋದ. ಸುಳ್ಳು ಸ್ಕೋರ್ ಬರೆಯುವವರನ್ನು ಅವನು ಬದುಕಿನಲ್ಲಿ ಕ್ಷಮಿಸಿದ್ದೇ ಇಲ್ಲ.

ಪುಟ ತಿರುವುತ್ತ ಒಂದು ಕಡೆ ಬೆರಳು ಇಟ್ಟ. ‘ನಾನು ಎಫ್ 42 ಇರಬೇಕು. ಮಂಡಿಯ ಮೇಲೂ ಬಲ ಇಲ್ವಲ್ಲ.’ ಅದರಲ್ಲಿ ಹಳಹಳಿಕೆ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳುವ ದನಿ. ನನಗೆ ಮಾತ್ರ ಗಂಟಲು ಕಟ್ಟಿತು. ಹುಣಸೆಮರದ ಕೆಳಗೆ ಕೂತಿದ್ದ ಹುಡುಗನಿಗೆ ಜಗತ್ತಿನಲ್ಲೊಂದು ಅಂಕಿ ಕಾದಿತ್ತು. ಅದನ್ನು ಹೇಳುವವರು ಅರಸೀಕೆರೆಯಲ್ಲಿ ಇರಲಿಲ್ಲ, ಅಷ್ಟೆ.

ಅದೇ ಎಫ್ 42 ವರ್ಗದ ಎತ್ತರ ಜಿಗಿತ ಸೆಪ್ಟೆಂಬರ್ 3ರ ಸೋಮವಾರ. ಭಾರತದಿಂದ ಆ ಸಲ ಬಂದಿದ್ದವರು ಒಟ್ಟು ಹತ್ತೇ ಜನ. ಅವರಲ್ಲಿ ಮೂವರು ನಮ್ಮ ರಾಜ್ಯದವರು: ಪವರ್‌ಲಿಫ್ಟರ್ ಫರ್ಮಾನ್ ಬಾಷಾ, ಈಜುಗಾರ ಶರತ್ ಗಾಯಕ್ವಾಡ್, ಮತ್ತೆ ನಮ್ಮದೇ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್. ಹತ್ತರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಪೋಲಿಯೊದಿಂದಲೇ ಗಾಲಿಕುರ್ಚಿ ಹಿಡಿದು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳರನ್ನು ಕಂಡಿದ್ದ ನಾಡಿನವನಿಗೆ ಅದು ಸಣ್ಣ ಸಂಗತಿಯಲ್ಲ. ಅಣ್ಣಯ್ಯ ಪಟ್ಟಿಯ ಕೆಳಗೆ ‘ಮಹಿಳೆಯರು: 0’ ಎಂದು ಬರೆದು ಎರಡು ಗೆರೆ ಎಳೆದ.

ಎಂಬತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣದಲ್ಲಿ ಏಕಕಾಲಕ್ಕೆ ನಾಲ್ಕಾರು ಸ್ಪರ್ಧೆ. ಬ್ರಿಟನ್ನಿನವರು ಓಡುವಾಗ ಕಿವಿ ಗಡಚಿಕ್ಕುವ ಸದ್ದು. ಆ ಗದ್ದಲದ ನಡುವೆ ಒಂದು ಮೂಲೆಯಲ್ಲಿ ಎತ್ತರ ಜಿಗಿತ. ದುರ್ಬೀನು ನಮ್ಮಿಬ್ಬರ ನಡುವೆ ಆಚೀಚೆ ಓಡಾಡುತ್ತಿತ್ತು. ಒಂದು ಕಾಲು ಇಲ್ಲದವರು ಕೃತಕ ಕಾಲು, ಊರುಗೋಲು ಪಕ್ಕಕ್ಕಿಟ್ಟು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಬಂದು ಪಟ್ಟಿ ದಾಟಬಹುದು. ಫಿಜಿಯ ಇಲಿಯೇಸಾ ಡೆಲಾನಾ ಹಾಗೆ ಹಾರುವವರು. ಮೂರು ವರ್ಷದ ಮಗುವಾಗಿದ್ದಾಗ ಅಪಘಾತದಲ್ಲಿ ಎಡಗಾಲು ಕಳೆದುಕೊಂಡವರು. ಒಂದೇ ಕಾಲಿನ ಮೂರು ನಾಲ್ಕು ಬಲವಾದ ಕುಪ್ಪಳಿಕೆ, ಆಮೇಲೆ ಇಡೀ ಮೈ ಪಟ್ಟಿಯ ಮೇಲಿಂದ ತಲೆ ಮುಂದಾಗಿ ಆಚೆಗೆ. ಗಿರೀಶ್ ಅವರದು ಬೇರೆ ಬಗೆ. ಎಡಗಾಲು ದುರ್ಬಲ. ಓಡಿ ಬರುವಾಗ ಮೈ ಒಂದು ಕಡೆಗೆ ವಾಲುತ್ತದೆ. ಪಟ್ಟಿಯ ಹತ್ತಿರ ಬಂದಾಗ ಆ ವಾಲಿಕೆಯೇ ಲಯವಾಗಿ, ಕತ್ತರಿ ಹೊಡೆತದಲ್ಲಿ ಒಂದು ಕಾಲು ಮೊದಲು ದಾಟಿ, ಇನ್ನೊಂದು ಅದರ ಬೆನ್ನಿಗೇ ಎತ್ತಿಕೊಳ್ಳುತ್ತದೆ. ನಮ್ಮ ಹೈಸ್ಕೂಲುಗಳಲ್ಲಿ ಮರಳು ಗುಂಡಿಯ ಮೇಲೆ ಎಲ್ಲ ಹುಡುಗರೂ ಹಾರುವ ಅದೇ ಕತ್ತರಿ ಜಿಗಿತ. ಹಾಸಿಗೆಯ ಮೇಲೆ ಬೆನ್ನು ಕೊಟ್ಟು ಬೀಳುವುದನ್ನು ಕಲಿಸಲು ಹಾಸಿಗೆ ಇರುವ ಮೈದಾನ ಬೇಕಲ್ಲ.

ಪಟ್ಟಿ ಮೇಲೇರಿದಂತೆ ಒಬ್ಬೊಬ್ಬರೇ ಹಿಂದೆ ಉಳಿದರು. ಪೋಲೆಂಡಿನ ಲುಕಾಶ್ ಮಾಮ್‌ಚಾಶ್ 1.68 ಮೀಟರಿಗೆ ನಿಂತರು. ಉಳಿದದ್ದು ಫಿಜಿ, ಹಾಸನ. 1.74 ಮೀಟರ್ ಎಂದರೆ ನನ್ನ ತಲೆಗಿಂತ ಒಂದು ಗೇಣು ಮೇಲೆ. ಗಿರೀಶ್ ಓಡಲು ನಿಂತಾಗ ಅಣ್ಣಯ್ಯ ಎದ್ದು ನಿಂತ. ಮುಂದಿನ ಸೀಟಿನ ಬೆನ್ನು ಹಿಡಿದು, ಅಷ್ಟು ಜನ ಇಂಗ್ಲಿಷರ ನಡುವೆ, ‘ಹಾರೋ ತಮ್ಮಾ! ಹಾರೋ!’ ಎಂದು ಅರಸೀಕೆರೆಯ ಕಬಡ್ಡಿ ಅಂಕಣದಲ್ಲಿ ಕೂಗುವ ದನಿಯಲ್ಲೇ ಕೂಗಿದ. ಪಟ್ಟಿ ಕದಲಲಿಲ್ಲ. ನಾನು ಏನು ಕೂಗಿದೆನೋ ನೆನಪಿಲ್ಲ; ಮಾರನೆಯ ದಿನ ಕೆಲಸಕ್ಕೆ ಹೋದಾಗ ದನಿ ಬಿದ್ದುಹೋಗಿತ್ತು.

ಇಬ್ಬರೂ 1.74 ದಾಟಿದರು, ಅದರ ಮುಂದಿನ ಎತ್ತರ ಇಬ್ಬರಿಗೂ ದಕ್ಕಲಿಲ್ಲ. ಚಿನ್ನ ಡೆಲಾನಾ ಅವರಿಗೆ, ಬೆಳ್ಳಿ ಗಿರೀಶ್ ಅವರಿಗೆ ಎಂದು ಫಲಕದಲ್ಲಿ ಬಂತು. ಪಕ್ಕದಲ್ಲಿ ಅಪ್ಪನ ಜೊತೆ ಕೂತಿದ್ದ ಹತ್ತು ವರ್ಷದ ಹುಡುಗನಿಗೆ ಅನ್ಯಾಯವೆನಿಸಿತು. ಇಬ್ಬರೂ ಒಂದೇ ಎತ್ತರ ಹಾರಿದರಲ್ಲ, ನಿಮ್ಮವರಿಗೆ ಯಾಕೆ ಬೆಳ್ಳಿ ಎಂದು ನಮ್ಮನ್ನೇ ಕೇಳಿದ. ಅಣ್ಣಯ್ಯ ನೋಟ್‌ಬುಕ್ ತೆರೆದು ಅವನ ಮೊಣಕಾಲ ಮೇಲಿಟ್ಟ. ದಾಟಿದ್ದಕ್ಕೆ ಸೊನ್ನೆ, ಬೀಳಿಸಿದ್ದಕ್ಕೆ ಗುಣಿಸು ಗುರುತು. ಸಮ ಬಂದಾಗ ಮೊದಲು ಕೊನೆಯ ಎತ್ತರದಲ್ಲಿ ಯಾರು ಕಡಿಮೆ ಸಲ ಬೀಳಿಸಿದರು ಎಂದು ನೋಡಬೇಕು. ಅಲ್ಲೂ ಸಮವಾದರೆ ಇಡೀ ಸ್ಪರ್ಧೆಯ ತಪ್ಪುಗಳನ್ನು ಎಣಿಸಬೇಕು. ತನ್ನ ಮೇಷ್ಟ್ರ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿಕೊಟ್ಟ. ಹುಡುಗ ಬೆರಳಿಟ್ಟು ಎಣಿಸಿದ, ಒಪ್ಪಿದ. ಅಣ್ಣಯ್ಯನೂ ಒಪ್ಪಿದ್ದ. ‘ಸರಿಯಾಗೇ ಇದೆ. ಫಿಜಿಯೋನು ಗೆದ್ದ. ನಮ್ಮೋನು ಅವನ ಸಮಕ್ಕೆ ಹಾರಿದ.’ ಫಿಜಿಗೆ ಅದು ಪ್ಯಾರಾಲಿಂಪಿಕ್ಸ್‌ನಲ್ಲಿ ಸಿಕ್ಕ ಮೊಟ್ಟಮೊದಲ ಪದಕ. ನಮಗೆ ಆ ಕೂಟದ ಒಂದೇ ಒಂದು ಪದಕ.

ಊರಿಗೆ ಫೋನು ಮಾಡಿದರೆ ಯಾರಿಗೂ ಏನೂ ಗೊತ್ತಿರಲಿಲ್ಲ. ಇದ್ದ ಚಾನೆಲ್ಲೆಲ್ಲ ತಿರುಗಿಸಿದರೂ ಮನೆಯ ಟೀವಿಯಲ್ಲಿ ಆಟ ಕಾಣಲಿಲ್ಲವಂತೆ. ಚಿಕ್ಕಮ್ಮ, ‘ಅಯ್ಯೋ, ಕಾಲಿಲ್ದೆ ಅಷ್ಟು ಎತ್ತರ ಹಾರಿದ್ನಾ, ಪಾಪ!’ ಎಂದಳು. ಫೋನು ಅಣ್ಣಯ್ಯನ ಕೈಯಲ್ಲಿತ್ತು. ‘ಪಾಪ ಯಾಕೆ ಚಿಕ್ಕಮ್ಮ? ಕಾಲಿದೆ. ಒಂದು ಮೀಟರ್ ಎಪ್ಪತ್ನಾಲ್ಕು ಹಾರಿದಾನೆ. ನಿಮ್ಮ ಮಗ ಹಾರಲಿ ನೋಡೋಣ’ ಎಂದ. ಆ ಕಡೆಯಿಂದ ನಗುವೂ ಬಂತು, ಮತ್ತೆ ಮತ್ತೆ ಪ್ರಶ್ನೆಗಳೂ ಬಂದವು.

ಅದೇ ದಿನ ಕ್ರೀಡಾಂಗಣದಲ್ಲಿ ಪದಕ ಪ್ರದಾನಕ್ಕೆ ಬಂದ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್‌ಬೋರ್ನ್ ಅವರ ಹೆಸರು ಕೂಗಿದಾಗ ಜನ ಒಕ್ಕೊರಲಿನಿಂದ ಧಿಕ್ಕಾರದ ಸದ್ದು ಮಾಡಿದರು. ಆ ಸರ್ಕಾರ ಅಂಗವಿಕಲರ ಸಹಾಯಧನಕ್ಕೆ ಕತ್ತರಿ ಹಾಕುತ್ತಿತ್ತು. ಯಾರು ಕೆಲಸಕ್ಕೆ ಯೋಗ್ಯರು ಎಂದು ಪರೀಕ್ಷಿಸುವ ಗುತ್ತಿಗೆ ಹಿಡಿದ ಕಂಪನಿಯೇ ಕೂಟದ ಪ್ರಾಯೋಜಕರಲ್ಲಿ ಒಂದು. ಅದರ ಕಚೇರಿ ಮುಂದೆ ಗಾಲಿಕುರ್ಚಿಯವರು ಧರಣಿ ಕೂತಿದ್ದರು. ನಮ್ಮಲ್ಲಿ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಹೆಂಗಸು ಆ ವಾರ ಹೇಳಿದ ಮಾತು ನನ್ನನ್ನು ಕಾಡಿತು. ‘ಟೀವಿಯಲ್ಲಿ ಅವರನ್ನೆಲ್ಲ ನೋಡಿ ಖುಷಿಯಾಗುತ್ತೆ. ಆದರೆ ನಾಳೆ ನನ್ನನ್ನು ಪರೀಕ್ಷೆ ಮಾಡೋರು, ಅವರಿಗೆ ಆಗೋದು ನಿನಗ್ಯಾಕೆ ಆಗಲ್ಲ ಅಂತಾರೇನೋ ಅಂತ ಭಯ.’

ಟೀವಿಯವರು ಊರ ತುಂಬ ಹಾಕಿದ್ದ ಜಾಹೀರಾತಿನಲ್ಲಿ ಕ್ರೀಡಾಪಟುಗಳನ್ನು ಅತಿಮಾನವರು ಎಂದು ಕರೆದಿದ್ದರು. ಚಿತ್ರಗಳು ಚೆನ್ನಾಗಿದ್ದವು, ಜನರನ್ನು ಸೆಳೆದವು, ಒಪ್ಪುತ್ತೇನೆ. ಆದರೂ ಆ ಮಾತು ನನಗೆ ಸರಿಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. ಅಯ್ಯೋ ಪಾಪ ಎನ್ನುವವರಿಗೂ ಆಹಾ ಪವಾಡ ಎನ್ನುವವರಿಗೂ ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ಗಿರೀಶ್ ಅವರ ಓಟದ ಹೆಜ್ಜೆ, ಬೋಚಾ ಹುಡುಗನ ಲೆಕ್ಕಾಚಾರ, ಗೋಲ್‌ಬಾಲ್ ಆಟಗಾರ್ತಿಯ ಕಿವಿ, ಇವೆಲ್ಲ ವರ್ಷಗಟ್ಟಲೆ ಬೆವರು ಸುರಿಸಿ ಕಲಿತ ವಿದ್ಯೆ. ವಿದ್ಯೆಯನ್ನು ಮೆಚ್ಚಬೇಕಾದರೆ ಅದು ತಿಳಿದಿರಬೇಕು. ಕಡಿಮೆ ಬಿದ್ದಾಗ ಕಡಿಮೆ ಬಿತ್ತು ಎಂದೂ ಹೇಳಬೇಕು. ಒಂದು ಸಂಜೆ ನಮ್ಮ ಹಿಂದಿನ ಸಾಲಿನವರು ಶಾಟ್‌ಪುಟ್ ಎಸೆಯುವ ಒಬ್ಬರ ತಂತ್ರ ಸರಿಯಿಲ್ಲವೆಂದು ಜೋರಾಗಿ ಟೀಕಿಸುತ್ತಿದ್ದರು. ಅಣ್ಣಯ್ಯ ನನ್ನ ಕಡೆ ಬಾಗಿ, ‘ಕೇಳು, ಬೈತಿದಾರೆ!’ ಎಂದು ಸಂತೋಷದಿಂದ ಪಿಸುಗುಟ್ಟಿದ. ಅವನ ಶಾಲೆಯಲ್ಲಿ ಅವನ ಆಟವನ್ನು ಬೈಯುವಷ್ಟು ಗೌರವವನ್ನು ಯಾರೂ ಕೊಟ್ಟಿರಲಿಲ್ಲ.

ಅವನು ವಾಪಸಾಗುವಾಗ ಸೂಟ್‌ಕೇಸಿನಲ್ಲಿ ಹೆಚ್ಚಿನ ಭಾಗ ನಿಯಮಾವಳಿಯ ಪ್ರಿಂಟ್‌ಔಟುಗಳೇ. ಅವನ್ನು ಕನ್ನಡಕ್ಕೆ ಇಳಿಸಿ ತಾಲ್ಲೂಕಿನ ಡ್ರಿಲ್ ಮೇಷ್ಟ್ರುಗಳಿಗೆ ಹಂಚಿದ. ಕೆಲವರು ತೆಗೆದಿಟ್ಟುಕೊಂಡರು, ಕೆಲವರು ಓದಿದರು. ಪೋಲಿಯೊ ಇಲ್ಲದಿದ್ದರೂ ಅಪಘಾತಗಳಿವೆ, ಹುಟ್ಟಿನಿಂದ ಬಂದ ತೊಂದರೆಗಳಿವೆ. ಪ್ರತಿ ಶಾಲೆಯಲ್ಲೂ ಒಬ್ಬರಿಬ್ಬರಾದರೂ ಮಕ್ಕಳು ಇದ್ದೇ ಇರುತ್ತಾರೆ. ವಲಯ ಮಟ್ಟದ ಕೂಟದಲ್ಲಿ ಒಬ್ಬ ಹುಡುಗಿಯನ್ನು ಕುರ್ಚಿಗೆ ಬೆಲ್ಟು ಕಟ್ಟಿ ಕೂರಿಸಿ ಗುಂಡು ಎಸೆಯಲು ಬಿಟ್ಟಾಗ ಮೈದಾನದಲ್ಲಿ ಅವಳೊಬ್ಬಳೇ ಸ್ಪರ್ಧಿ. ಅಣ್ಣಯ್ಯ ಟೇಪು ಹಿಡಿದು ಸೆಂಟಿಮೀಟರಿನವರೆಗೆ ಅಳೆಸಿ ಬರೆದುಕೊಂಡ. ಮುಂದಿನ ವರ್ಷ ಇದನ್ನು ದಾಟಬೇಕು ಎಂದು ಅವಳಿಗೆ ಹೇಳಿದ. ದಾಟಿದಳು.

ಗಿರೀಶ್ ಅವರಿಗೆ 2013ರಲ್ಲಿ ಪದ್ಮಶ್ರೀ, ಮರುವರ್ಷ ಅರ್ಜುನ ಬಂತು. 2016ರ ರಿಯೋದಲ್ಲಿ ಅದೇ ವರ್ಗದ ಎತ್ತರ ಜಿಗಿತದಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 1.89 ಮೀಟರ್ ಹಾರಿ ಚಿನ್ನ ಗೆದ್ದರು. ಲಂಡನ್ನಿನ ಒಂದು ಪದಕ ಟೋಕಿಯೊದಲ್ಲಿ 19 ಆಯಿತು, ಪ್ಯಾರಿಸ್‌ನಲ್ಲಿ 29. ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದ ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲೇ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು, ಕಣ್ಣು ಕಾಣದ ಓಟಗಾರ್ತಿ, ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಚಿನ್ನ ಗೆದ್ದು ಪ್ಯಾರಿಸ್‌ನಲ್ಲೂ ಓಡಿದರು. ಕೈಗೆ ಕೈ ದಾರ ಕಟ್ಟಿಕೊಂಡು ಜೊತೆಗೆ ಓಡುವ ಮಾರ್ಗದರ್ಶಕ ಅವರನ್ನು ಎಳೆಯುವಂತಿಲ್ಲ, ಅವರಿಗಿಂತ ಮೊದಲು ಗೆರೆ ದಾಟುವಂತಿಲ್ಲ. ಪ್ಯಾರಿಸ್ ಆಟಗಳನ್ನು ಅರಸೀಕೆರೆಯ ಮನೆಯಲ್ಲಿ ಚಿಕ್ಕಮ್ಮನೂ ಕೂತು ಫೋನಿನಲ್ಲಿ ನೋಡಿದಳು. ಗೈಡ್ ಮುಂದೆ ಹೋದನಾ ನೋಡೋ ಎಂದು ಮೊಮ್ಮಗನಿಗೆ ಎಚ್ಚರಿಸುತ್ತಿದ್ದಳಂತೆ.

ಅಣ್ಣಯ್ಯ ಈಗ ನಿವೃತ್ತ. ಕ್ಯಾಲಿಪರ್ ಹಗುರವಾಗಿದೆ, ಪ್ಲಾಸ್ಟಿಕ್ಕಿನದು. 2028ರ ಲಾಸ್ ಏಂಜಲೀಸ್ ಪ್ಯಾರಾಲಿಂಪಿಕ್ಸ್‌ಗೆ ಗೋಡೆ ಹತ್ತುವ ಸ್ಪರ್ಧೆಯನ್ನು ಮೊದಲ ಬಾರಿ ಸೇರಿಸಿದ್ದಾರೆಂದು ಓದಿದ ದಿನವೇ ನನಗೆ ಫೋನು ಮಾಡಿದ. ‘ಕಣ್ಣು ಕಾಣದೋರಿಗೆ ಮುಂದಿನ ಹಿಡಿ ಎಲ್ಲಿದೆ ಅಂತ ಕೆಳಗಿಂದ ಯಾರು ಹೇಳ್ತಾರೆ, ಎಷ್ಟು ಹೇಳಬಹುದು? ಒಂದು ಕೈ ಇಲ್ದೋರಿಗೂ ಒಂದು ಕಾಲು ಇಲ್ದೋರಿಗೂ ಗೋಡೆ ಒಂದೇನಾ? ಸ್ಕೋರು ಹೆಂಗೆ ಬರೀತಾರೆ? ಪೂರ್ತಿ ವಿಚಾರಿಸಿ ಈ ಭಾನುವಾರದೊಳಗೆ ಹೇಳು’ ಎಂದ.